ಮಂಜುಗಡ್ಡೆಯ ಮೇಲಿನ ಮೌಖಿಕ ಪರಂಪರೆ: ಹವಾಮಾನ ಬದಲಾವಣೆ ಮತ್ತು ಇನುಯಿಟ್ ಜನಪದ ಜ್ಞಾನ

ಜಾನಪದವೆಂದರೆ ಹಾಡು, ಕಥೆ, ಗಾದೆ, ಒಗಟುಗಳ ಭಂಡಾರವೆಂಬ ತಿಳಿವಳಿಕೆ ಬಹುಕಾಲ ರೂಢಿಯಲ್ಲಿತ್ತು. ಬೇಸಾಯ, ಬೇಟೆ, ಮೀನುಗಾರಿಕೆ, ಮನೆ ಕಟ್ಟುವ ಬಗೆ, ಮನೆಮದ್ದು, ಮಳೆಗಾಳಿಗಳ ಮುನ್ಸೂಚನೆ ಮೊದಲಾದ ವಿಷಯಗಳಲ್ಲಿ ಜನಸಮುದಾಯಗಳು ಬಾಯಿಂದ ಬಾಯಿಗೆ, ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ಅರಿವೂ ಜಾನಪದದ ಅವಿಭಾಜ್ಯ ಅಂಗವೆಂಬುದನ್ನು ವಿದ್ವಾಂಸರು ಕ್ರಮೇಣ ಒಪ್ಪಿಕೊಂಡರು. ಮಳೆನಕ್ಷತ್ರಗಳ ಲೆಕ್ಕ ಹಿಡಿದು ಬಿತ್ತನೆಯ ಕಾಲವನ್ನು ನಿರ್ಧರಿಸುವ ಕನ್ನಡ ನಾಡಿನ ರೈತರ ಅರಿವು ಇದಕ್ಕೆ ಪರಿಚಿತ ನಿದರ್ಶನ. ಇಂತಹ ಎಲ್ಲ ಜ್ಞಾನದ ತಳಹದಿಯಲ್ಲಿ ಒಂದು ನಂಬುಗೆಯಿದೆ. ನಿಸರ್ಗವು ಎಷ್ಟೇ ಚಂಚಲವೆನಿಸಿದರೂ ಅದರ ನಡೆಗೆ ಒಂದು ಕ್ರಮವಿದೆ, ಅಜ್ಜ ಕಂಡದ್ದನ್ನು ಮೊಮ್ಮಗನೂ ಕಾಣುತ್ತಾನೆ ಎಂಬುದೇ ಆ ನಂಬುಗೆ. ಆ ಕ್ರಮವೇ ಒಬ್ಬ ಮನುಷ್ಯನ ಆಯುಷ್ಯದೊಳಗೆ ಕದಲಿಬಿಟ್ಟರೆ ಜನಪದ ಜ್ಞಾನದ ಗತಿಯೇನು? ಅದು ಕೆಲಸಕ್ಕೆ ಬಾರದ ಹಳೆಯ ಸರಕಾಗುತ್ತದೆಯೇ, ಅಥವಾ ಬದಲಾವಣೆಯನ್ನು ಎದುರಿಸುವ ಸಾಧನವಾಗುತ್ತದೆಯೇ?

ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾಗಿರುವ ಭೂಭಾಗ ಆರ್ಕ್ಟಿಕ್ ಪ್ರದೇಶ. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ, ವಿಶೇಷವಾಗಿ ಕೆನಡಾ ದೇಶದ ನೂನಾವುಟ್ ಪ್ರಾಂತದ ಇನುಯಿಟರ ಮೌಖಿಕ ಪರಂಪರೆಯನ್ನು ಹವಾಮಾನ ಬದಲಾವಣೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ನೆಲ ಮತ್ತು ಜನ

ಕನ್ನಡದ ಶಾಲಾ ಪಠ್ಯಗಳ ಮೂಲಕ ನಮಗೆ ಪರಿಚಿತರಾದ ‘ಎಸ್ಕಿಮೊ’ಗಳೇ ಇನುಯಿಟರು. ‘ಎಸ್ಕಿಮೊ’ ಎಂಬುದು ಹೊರಗಿನವರು ಇಟ್ಟ ಹೆಸರು. ‘ಇನುಯಿಟ್’ ಎಂಬುದು ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು. ಆ ಪದದ ಅರ್ಥ ‘ಜನರು’ ಎಂದಷ್ಟೇ. ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್ ಮತ್ತು ರಷ್ಯಾದ ಚುಕೋಟ್ಕಾಗಳಲ್ಲಿ ಹರಡಿಕೊಂಡಿರುವ ಇವರ ಒಟ್ಟು ಸಂಖ್ಯೆ ಸುಮಾರು ೧,೮೦,೦೦೦. ನಾಲ್ಕು ದೇಶಗಳ ಗಡಿಗಳನ್ನು ಮೀರಿ ಇವರನ್ನು ಒಂದುಗೂಡಿಸುವ ಇನುಯಿಟ್ ಪರಿಧ್ರುವ ಪರಿಷತ್ತು ೧೯೭೭ರಲ್ಲಿ ಅಲಾಸ್ಕಾದಲ್ಲಿ ಸ್ಥಾಪನೆಯಾಯಿತು. ೧೯೯೯ರ ಏಪ್ರಿಲ್ ೧ರಂದು ಕೆನಡಾದಲ್ಲಿ ನೂನಾವುಟ್ ಎಂಬ ಪ್ರತ್ಯೇಕ ಪ್ರಾಂತ ರೂಪುಗೊಂಡಿತು. ‘ನೂನಾವುಟ್’ ಎಂದರೆ ‘ನಮ್ಮ ನೆಲ’. ಇಪ್ಪತ್ತು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕ ಈ ಪ್ರಾಂತದಲ್ಲಿ ೨೦೨೧ರ ಜನಗಣತಿಯ ಪ್ರಕಾರ ವಾಸಿಸುತ್ತಿದ್ದವರು ೩೬,೮೫೮ ಮಂದಿ. ಇಪ್ಪತ್ತೈದು ಊರುಗಳಿದ್ದರೂ ಒಂದು ಊರಿನಿಂದ ಇನ್ನೊಂದು ಊರಿಗೆ ಹೆದ್ದಾರಿಯಿಲ್ಲ.

ರಸ್ತೆಯಿಲ್ಲದ ಈ ನಾಡಿನಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುವ ಕಡಲೇ ಹೆದ್ದಾರಿ. ಹೊರಗಿನವರಿಗೆ ಬರಿಯ ಬಿಳಿಯ ಬಯಲಾಗಿ ತೋರುವ ಮಂಜುಗಡ್ಡೆಯ ಮೇಲೆ ಜಾರುಬಂಡಿಗಳು ಸಾಗುತ್ತವೆ, ಅದರ ಅಂಚಿನಲ್ಲಿ ಸೀಲ್, ವಾಲ್ರಸ್ ಮತ್ತು ತಿಮಿಂಗಿಲಗಳ ಬೇಟೆ ನಡೆಯುತ್ತದೆ. ಬೇಟೆಯ ಮಾಂಸವನ್ನು ಬಂಧುಬಳಗದಲ್ಲಿ ಹಂಚಿಕೊಳ್ಳುವ ಮೂಲಕ ಸಮಾಜದ ಸಂಬಂಧಗಳು ಗಟ್ಟಿಗೊಳ್ಳುತ್ತವೆ. ಆದುದರಿಂದ ಮಂಜುಗಡ್ಡೆ ಕರಗುವುದೆಂದರೆ ಇನುಯಿಟರ ಪಾಲಿಗೆ ದಾರಿ, ಅಡುಗೆಮನೆ ಮತ್ತು ಪಾಠಶಾಲೆಗಳು ಒಟ್ಟಿಗೇ ಕರಗಿದಂತೆ.

೨. ಬದಲಾವಣೆಯ ಪ್ರಮಾಣ

ಭೂಮಿಯ ಉಳಿದ ಭಾಗಗಳಿಗಿಂತ ಆರ್ಕ್ಟಿಕ್ ಪ್ರದೇಶ ಹೆಚ್ಚು ವೇಗವಾಗಿ ಬಿಸಿಯಾಗುತ್ತಿದೆ. ೧೯೭೯ರಿಂದ ಈಚೆಗೆ ಈ ವೇಗ ಜಾಗತಿಕ ಸರಾಸರಿಯ ಸುಮಾರು ನಾಲ್ಕು ಪಟ್ಟು ಎಂದು ೨೦೨೨ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇದಕ್ಕೆ ಒಂದು ಮುಖ್ಯ ಕಾರಣ ಸರಳವಾದುದು. ಬಿಳಿಯ ಮಂಜುಗಡ್ಡೆ ಸೂರ್ಯನ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ; ಅದು ಕರಗಿದಾಗ ತೆರೆದುಕೊಳ್ಳುವ ಕಪ್ಪು ನೀರು ಅದೇ ಬೆಳಕನ್ನು ಹೀರಿ ಬಿಸಿಯಾಗುತ್ತದೆ; ಬಿಸಿಯಾದ ನೀರು ಮತ್ತಷ್ಟು ಮಂಜುಗಡ್ಡೆಯನ್ನು ಕರಗಿಸುತ್ತದೆ. ಕಡಲ ಮಂಜುಗಡ್ಡೆಯ ಹರವು ವರ್ಷದಲ್ಲಿ ಅತ್ಯಂತ ಕಡಿಮೆಯಾಗುವುದು ಸೆಪ್ಟೆಂಬರಿನಲ್ಲಿ. ೨೦೧೨ರ ಸೆಪ್ಟೆಂಬರಿನಲ್ಲಿ ಅದು ಸುಮಾರು ೩೪ ಲಕ್ಷ ಚದರ ಕಿಲೋಮೀಟರಿಗೆ ಇಳಿದು, ಉಪಗ್ರಹಗಳ ದಾಖಲೆಯಲ್ಲಿಯೇ ಅತಿ ಕಡಿಮೆಯೆನಿಸಿತು. ೧೯೮೧ರಿಂದ ೨೦೧೦ರವರೆಗಿನ ಸರಾಸರಿಗೆ ಹೋಲಿಸಿದರೆ ಇದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಹಲವು ವರ್ಷ ಕರಗದೆ ಉಳಿದು ದಪ್ಪಗಟ್ಟುತ್ತಿದ್ದ ಹಳೆಯ ಮಂಜುಗಡ್ಡೆಯ ಪಾಲು ಕುಗ್ಗಿ, ಒಂದೇ ಚಳಿಗಾಲದ ತೆಳು ಮಂಜುಗಡ್ಡೆಯ ಪಾಲು ಹೆಚ್ಚಿದೆ.

ಉಪಗ್ರಹದ ಅಳತೆಗಳು ಒಟ್ಟು ಹರವನ್ನು ಹೇಳುತ್ತವೆ. ಇಂದು ಬೆಳಿಗ್ಗೆ ಇಂತಹ ಕೊಲ್ಲಿಯ ಇಂತಹ ಮೂಲೆಯಲ್ಲಿ ಮಂಜುಗಡ್ಡೆ ಕಾಲಿಟ್ಟರೆ ತಡೆಯುತ್ತದೆಯೋ ಇಲ್ಲವೋ ಎಂಬುದನ್ನು ಅವು ಹೇಳಲಾರವು. ಅದನ್ನು ಹೇಳುತ್ತಿದ್ದುದು ಜನರ ಅರಿವು. ಆ ಅರಿವಿನ ಸ್ವರೂಪವನ್ನು ತಿಳಿಯಬೇಕಾದರೆ ಅವರ ನಂಬಿಕೆ ಮತ್ತು ಭಾಷೆಗಳತ್ತ ಹೊರಳಬೇಕು.

೩. ‘ಸಿಲಾ’ ಮತ್ತು ಕಡಲ ತಾಯಿ

ಇನುಯಿಟ್ ಭಾಷೆಯಲ್ಲಿ ‘ಸಿಲಾ’ ಎಂಬ ಒಂದು ಪದವಿದೆ. ಹವೆ, ಗಾಳಿ, ಬಯಲು, ಹೊರಗಿನ ಜಗತ್ತು ಎಂಬ ಅರ್ಥಗಳ ಜೊತೆಗೆ ಬುದ್ಧಿ, ವಿವೇಕ ಎಂಬ ಅರ್ಥವೂ ಅದಕ್ಕುಂಟು. ‘ಸಿಲಾತುಯುಕ್’ ಎಂದರೆ ವಿವೇಕಿ. ‘ಸಿಲಾಯಿತ್ತುಕ್’ ಎಂದರೆ ವಿವೇಕವಿಲ್ಲದವನು, ಅಂದರೆ ‘ಸಿಲಾ’ ಇಲ್ಲದವನು. ಹೊರಗಿನ ಹವೆಯನ್ನೂ ಒಳಗಿನ ಅರಿವನ್ನೂ ಒಂದೇ ಮಾತು ಹಿಡಿದಿಡುವುದು ಆಕಸ್ಮಿಕವಲ್ಲ. ಆಕಾಶವನ್ನು ಓದಬಲ್ಲವನೇ ಅಲ್ಲಿ ಬುದ್ಧಿವಂತ.

ಕಡಲಿಗೆ ಸಂಬಂಧಿಸಿದ ಪುರಾಣಗಳಲ್ಲಿ ಕೇಂದ್ರಸ್ಥಾನ ಕಡಲ ತಾಯಿಯದು. ಬ್ಯಾಫಿನ್ ದ್ವೀಪದಲ್ಲಿ ಆಕೆ ಸೆಡ್ನಾ; ಬೇರೆಡೆ ನೂಲಿಯಾಯುಕ್; ಗ್ರೀನ್‌ಲ್ಯಾಂಡಿನಲ್ಲಿ ಸಸ್ಸುಮಾ ಅರ್ನಾ. ಪಾಠಾಂತರಗಳು ಅನೇಕವಿದ್ದರೂ ಕಥೆಯ ತಿರುಳು ಒಂದೇ. ಬಿರುಗಾಳಿಗೆ ಸಿಕ್ಕ ದೋಣಿಯಿಂದ ತಂದೆಯೇ ಮಗಳನ್ನು ಕಡಲಿಗೆ ತಳ್ಳುತ್ತಾನೆ. ದೋಣಿಯ ಅಂಚನ್ನು ಬಿಗಿಹಿಡಿದ ಆಕೆಯ ಬೆರಳುಗಳನ್ನು ಕತ್ತರಿಸುತ್ತಾನೆ. ತುಂಡಾದ ಬೆರಳುಗಳೇ ಸೀಲ್, ವಾಲ್ರಸ್, ತಿಮಿಂಗಿಲಗಳಾಗುತ್ತವೆ. ಆಕೆ ಕಡಲ ತಳದಲ್ಲಿ ನೆಲೆಸಿ ಅವುಗಳ ಒಡತಿಯಾಗುತ್ತಾಳೆ. ಮನುಷ್ಯರು ಕಟ್ಟಳೆಗಳನ್ನು ಮೀರಿದಾಗ ಆ ದೋಷಗಳು ಆಕೆಯ ತಲೆಗೂದಲಲ್ಲಿ ಕೊಳೆಯಾಗಿ ಸಿಕ್ಕುಗಟ್ಟುತ್ತವೆ. ಬೆರಳಿಲ್ಲದ ಆಕೆ ತಲೆ ಬಾಚಿಕೊಳ್ಳಲಾರಳು; ಮುನಿದು ಪ್ರಾಣಿಗಳನ್ನು ತಡೆಹಿಡಿಯುತ್ತಾಳೆ. ಆಗ ‘ಅಂಗಕ್ಕುಕ್’ ಎಂಬ ಮಾಂತ್ರಿಕನು ಆವೇಶದಲ್ಲಿ ಕಡಲ ತಳಕ್ಕಿಳಿದು ಆಕೆಯ ಕೂದಲನ್ನು ಬಾಚಿ, ಸಮಾಧಾನಪಡಿಸಿ ಬರಬೇಕು. ಕಡಲ ಪ್ರಾಣಿಯ ಮಾಂಸವನ್ನೂ ನೆಲದ ಕ್ಯಾರಿಬೂ ಜಿಂಕೆಯ ಮಾಂಸವನ್ನೂ ಬೆರೆಸಬಾರದು, ಮಂಜುಗಡ್ಡೆಯ ಮೇಲೆ ವಾಸಿಸುವಾಗ ಜಿಂಕೆಯ ತೊಗಲನ್ನು ಹೊಲಿಯಬಾರದು ಎಂಬಂತಹ ಕಟ್ಟಳೆಗಳು ಈ ಪುರಾಣಕ್ಕೆ ಹೊಂದಿಕೊಂಡಿದ್ದವು.

ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ, ಅಲ್ಲಿನ ಭಾಷೆಯನ್ನು ಬಾಲ್ಯದಿಂದಲೇ ಬಲ್ಲವನಾಗಿದ್ದ ಕ್ನುಡ್ ರಾಸ್ಮುಸ್ಸೆನ್ ೧೯೨೧ರಿಂದ ೧೯೨೪ರವರೆಗೆ ನಡೆಸಿದ ಐದನೆಯ ತೂಲೆ ಯಾತ್ರೆಯಲ್ಲಿ ಇಂತಹ ಸಾಮಗ್ರಿಯನ್ನು ವಿಪುಲವಾಗಿ ಸಂಗ್ರಹಿಸಿದನು. ಕಟ್ಟಳೆಗಳಿಗೆ ಕಾರಣವೇನೆಂದು ಆತ ಕೇಳಿದಾಗ, ಇಗ್ಲೂಲಿಕ್ ಕಡೆಯ ಔವಾ ಎಂಬ ಅಂಗಕ್ಕುಕ್ ಆತನನ್ನು ಹೊರಗೆ ಕರೆದೊಯ್ದು, ಬೀಸುತ್ತಿದ್ದ ಹಿಮಗಾಳಿಯನ್ನೂ ಬರಿಗೈಯಲ್ಲಿ ಮರಳುತ್ತಿದ್ದ ಬೇಟೆಗಾರರನ್ನೂ ತೋರಿಸಿ, ಇದಕ್ಕೆ ಕಾರಣವೇನೆಂದು ಮರುಪ್ರಶ್ನೆ ಹಾಕಿದನೆಂಬುದು ಪ್ರಸಿದ್ಧವಾದ ಪ್ರಸಂಗ. ಈ ಪುರಾಣಗಳನ್ನು ಇಂದಿನ ಪರಿಸರವಾದದ ಉಪದೇಶಗಳೆಂದು ಓದುವುದು ಅವಸರದ ಓದಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇನುಯಿಟರಲ್ಲಿ ಬಹುಪಾಲು ಮಂದಿ ಕ್ರೈಸ್ತರಾದರು. ಸೆಡ್ನಾಳ ಕಥೆ ಶಿಲ್ಪ, ಚಿತ್ರ, ಚಲನಚಿತ್ರಗಳಲ್ಲಿ ಉಳಿದುಕೊಂಡಿತು. ಆದರೆ ಕಥೆಯೊಳಗಿನ ಒಂದು ತಿಳಿವು ಮತಾಂತರದ ನಂತರವೂ ಬಾಳಿತು: ಕಡಲು ಮನುಷ್ಯನ ನಡತೆಯಿಂದ ಹೊರತಾದುದಲ್ಲ ಎಂಬುದೇ ಆ ತಿಳಿವು.

೪. ಮಂಜುಗಡ್ಡೆಯ ಪದಸಂಪತ್ತು

ಆಧುನಿಕ ಜಾನಪದ ಮತ್ತು ಮಾನವಶಾಸ್ತ್ರಗಳ ಪ್ರವರ್ತಕರಲ್ಲಿ ಒಬ್ಬನಾದ ಫ್ರಾಂಜ್ ಬೋವಾಸ್ ೧೮೮೩-೮೪ರಲ್ಲಿ ಭೂಗೋಳದ ಅಧ್ಯಯನಕ್ಕೆಂದು ಬ್ಯಾಫಿನ್ ದ್ವೀಪಕ್ಕೆ ಹೋಗಿದ್ದನು. ಸೆಡ್ನಾಳ ಕಥೆಯನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿದ ಆತನ ಗ್ರಂಥ ೧೮೮೮ರಲ್ಲಿ ಪ್ರಕಟವಾಯಿತು. ೧೯೧೧ರಲ್ಲಿ ಆತ ಭಾಷಾಶಾಸ್ತ್ರದ ಒಂದು ಅಂಶವನ್ನು ವಿವರಿಸಲು ಹಿಮಕ್ಕೆ ಸಂಬಂಧಿಸಿದ ನಾಲ್ಕು ಪದಗಳನ್ನು ಉದಾಹರಿಸಿದನು. ನೆಲದ ಮೇಲಿನ ಹಿಮ, ಬೀಳುತ್ತಿರುವ ಹಿಮ, ಗಾಳಿಗೆ ತೂರಿಹೋಗುವ ಹಿಮ, ಗುಡ್ಡೆಗಟ್ಟಿದ ಹಿಮ ಎಂಬ ನಾಲ್ಕಕ್ಕೂ ಬೇರೆ ಬೇರೆ ಮೂಲಗಳ ಪದಗಳಿವೆಯೆಂಬುದು ಆತನ ಮಾತಾಗಿತ್ತು. ಈ ನಾಲ್ಕು, ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಹತ್ತಾಗಿ, ಐವತ್ತಾಗಿ, ನೂರಾಗಿ ಬೆಳೆದವು. ಈ ಬೆಳವಣಿಗೆಯ ಜಾಡನ್ನು ಲಾರಾ ಮಾರ್ಟಿನ್ ೧೯೮೬ರಲ್ಲಿ ಬಯಲಿಗೆ ತಂದರು. ಜೆಫ್ರಿ ಪುಲ್ಲಮ್ ೧೯೯೧ರ ತಮ್ಮ ಪುಸ್ತಕದಲ್ಲಿ ಅದನ್ನು ವಿದ್ವಾಂಸರೇ ಹುಟ್ಟಿಸಿದ ಕಟ್ಟುಕಥೆಯೆಂದು ಲೇವಡಿ ಮಾಡಿದರು. ಪ್ರತ್ಯಯಗಳ ಸರಣಿಯಿಂದ ಒಂದು ಇಡೀ ವಾಕ್ಯವನ್ನೇ ಪದವಾಗಿಸಬಲ್ಲ ಭಾಷೆಯಲ್ಲಿ ಪದಗಳ ಎಣಿಕೆಗೆ ಅರ್ಥವಿಲ್ಲವೆಂಬುದು ಅವರ ಆಕ್ಷೇಪದ ಒಂದು ಮುಖ.

ಎಣಿಕೆಯ ವಿವಾದ ಏನೇ ಇರಲಿ, ಪದಗಳ ಹಿಂದಿರುವ ವಿವೇಚನೆ ನಿಜವಾದುದು. ‘ಸಿಕು’ ಎಂದರೆ ಮಂಜುಗಡ್ಡೆ. ‘ಸಿಕುಲಿಯಾಕ್’ ಹೊಸದಾಗಿ ಕಟ್ಟಿದ ಎಳೆಯ ಮಂಜುಗಡ್ಡೆ. ‘ತುವಾಕ್’ ಎಂದರೆ ದಡಕ್ಕೆ ಅಂಟಿಕೊಂಡು ಅಲುಗದೆ ನಿಂತ ಮಂಜುಗಡ್ಡೆ. ಅದು ಮುಗಿದು ತೆರೆದ ನೀರು ತೊಡಗುವ ಅಂಚು ‘ಸಿನಾಕ್’. ಒಳಹರಿವಿನ ಸೆಳೆತದಿಂದ ತಳದಲ್ಲಿ ಸವೆದು ಅಪಾಯಕಾರಿಯಾದ ಜಾಗ ‘ಔಕ್ಕಾನಿಕ್’. ಒತ್ತಡದಿಂದ ಚೂರಾಗಿ ರಾಶಿಬಿದ್ದದ್ದು ‘ಇವುನಿಕ್’. ಹಿಮದಲ್ಲಿಯೂ ಹೀಗೆಯೇ: ಕುಡಿಯುವ ನೀರಿಗಾಗಿ ಕರಗಿಸಲು ಯೋಗ್ಯವಾದದ್ದು ‘ಅನಿಯು’, ಕಾಲು ಹೂತುಹೋಗುವ ಮೆತ್ತನೆಯದು ‘ಮೌಯಾಕ್’, ತಳದಲ್ಲಿ ಹರಳುಗಟ್ಟಿದ್ದು ‘ಪುಕಾಕ್’. ಬೇಟೆಗಾರನು ಈಟಿಯಿಂದ ಕುಟ್ಟಿ, ಬಣ್ಣ ನೋಡಿ, ಸದ್ದು ಆಲಿಸಿ ಇವುಗಳನ್ನು ಬೇರ್ಪಡಿಸುತ್ತಾನೆ. ಪದ ತಪ್ಪಿದರೆ ಜೀವ ತಪ್ಪುತ್ತದೆ. ೨೦೦೭-೦೮ರ ಅಂತಾರಾಷ್ಟ್ರೀಯ ಧ್ರುವ ವರ್ಷದ ಅಂಗವಾಗಿ ಇಗೊರ್ ಕ್ರುಪ್ನಿಕ್ ಮತ್ತು ಸಂಗಡಿಗರು ಇಂತಹ ಪದಕೋಶಗಳನ್ನು ಊರೂರಿನಲ್ಲಿ ಸಂಗ್ರಹಿಸಿದರು. ಅಲಾಸ್ಕಾದ ವೇಲ್ಸ್ ಎಂಬ ಒಂದೇ ಹಳ್ಳಿಯ ಉಪಭಾಷೆಯಲ್ಲಿ ಕಡಲ ಮಂಜುಗಡ್ಡೆಯ ಕುರಿತ ಸುಮಾರು ೧೨೦ ಪದಗಳು ದೊರೆತವು.

ಇಗ್ಲೂಲಿಕ್‌ನಲ್ಲಿ ಕ್ಲಾಡಿಯೊ ಅಪೋರ್ಟಾ ಅಧ್ಯಯನ ಮಾಡಿದ ದಾರಿಗಳ ಪರಂಪರೆಯೂ ಇಲ್ಲಿ ಉಲ್ಲೇಖಾರ್ಹ. ಮಂಜುಗಡ್ಡೆಯ ಮೇಲಿನ ದಾರಿಗಳು ಪ್ರತಿ ಬೇಸಿಗೆಯಲ್ಲಿ ಕರಗಿ ಇಲ್ಲವಾಗುತ್ತವೆ. ಮರಳಿ ಕಡಲು ಹೆಪ್ಪುಗಟ್ಟಿದಾಗ ಬಹುಮಟ್ಟಿಗೆ ಅವೇ ಜಾಡಿನಲ್ಲಿ ಮತ್ತೆ ಮೂಡುತ್ತವೆ. ನಡುವಿನ ಅವಧಿಯಲ್ಲಿ ಅವು ಇರುವುದು ಜನರ ನೆನಪಿನಲ್ಲಿ, ಸ್ಥಳನಾಮಗಳಲ್ಲಿ, ಪ್ರಯಾಣದ ಕಥನಗಳಲ್ಲಿ. ಮೌಖಿಕ ಕಾವ್ಯವೊಂದು ಪ್ರತಿ ಪ್ರದರ್ಶನದಲ್ಲಿ ಮರುಹುಟ್ಟು ಪಡೆಯುತ್ತದೆಂದು ಜಾನಪದ ವಿದ್ವಾಂಸರು ಹೇಳುವುದುಂಟು. ಇನುಯಿಟರ ದಾರಿಯೂ ಅಂತಹ ಒಂದು ಪಠ್ಯ. ಪ್ರತಿ ಚಳಿಗಾಲವೂ ಅದರ ಪ್ರದರ್ಶನ.

೫. ಗುರುತು ತಪ್ಪಿದ ಹವೆ

ಶಾರಿ ಫಾಕ್ಸ್ ಅವರು ನೂನಾವುಟ್‌ನ ಹಿರಿಯರೊಡನೆ ನಡೆಸಿದ ಸಂಶೋಧನೆಯಲ್ಲಿ ಮುನ್ನೆಲೆಗೆ ಬಂದ ಪದ ‘ಉಗ್ಗಿಯನಾಕ್ತುಕ್’. ಅನಿರೀಕ್ಷಿತವಾಗಿ, ಗುರುತು ಸಿಗದ ಹಾಗೆ ವರ್ತಿಸುವುದು ಎಂಬುದು ಅದರ ಭಾವಾರ್ಥ. ಬಹುಕಾಲದ ಗೆಳೆಯನೊಬ್ಬ ಇದ್ದಕ್ಕಿದ್ದಂತೆ ತನ್ನಂತೆ ತಾನಿಲ್ಲದಿದ್ದಾಗ ಬಳಸುವ ಮಾತನ್ನು ಹಿರಿಯರು ಹವೆಗೆ ಬಳಸಿದರು. ‘ತಾಪಮಾನ ಏರಿಕೆ’ ಎಂಬ ವಿಜ್ಞಾನದ ಮಾತಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಾರ್ಹ. ಹಿರಿಯರು ಹೇಳುತ್ತಿದ್ದುದು ಬಿಸಿ ಹೆಚ್ಚಿತೆಂಬ ಸಂಗತಿಗಿಂತ ಮಿಗಿಲಾಗಿ ನಂಬಿಕೆ ಮುರಿಯಿತೆಂಬ ಸಂಗತಿ.

ಈ ಮುರಿತದ ನಿದರ್ಶನಗಳನ್ನು ಅವರು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಇಗ್ಲೂಲಿಕ್ ಪ್ರದೇಶದಲ್ಲಿ ಪಶ್ಚಿಮ-ವಾಯವ್ಯದಿಂದ ಬೀಸುವ ‘ಉವಂಗ್ನಾಕ್’ ಗಾಳಿ ಮತ್ತು ಅದಕ್ಕೆ ಎದುರು ದಿಕ್ಕಿನ ‘ನಿಗಿಕ್’ ಗಾಳಿಗಳು ಒಂದಕ್ಕೊಂದು ಸೇಡು ತೀರಿಸಿಕೊಳ್ಳುತ್ತವೆಯೆಂಬುದು ಜನಪದ ಕಲ್ಪನೆ. ಉವಂಗ್ನಾಕ್ ಹಿಮವನ್ನು ಕೊರೆದು ನಾಲಗೆಯಾಕಾರದ ಗಟ್ಟಿ ದಿಬ್ಬಗಳನ್ನು ನಿರ್ಮಿಸುತ್ತದೆ. ಇವುಗಳ ಹೆಸರು ‘ಉಕಲುರೈತ್’. ನಾಲಗೆಯ ತುದಿ ಗಾಳಿ ಬಂದ ದಿಕ್ಕನ್ನು ತೋರಿಸುವುದರಿಂದ ಕಾವಳದಲ್ಲಿಯೂ ಕತ್ತಲೆಯಲ್ಲಿಯೂ ಬೇಟೆಗಾರನು ಇವನ್ನು ಕಾಲಿನಿಂದ ತಡವಿಯೇ ದಿಕ್ಕನ್ನು ಹಿಡಿಯಬಲ್ಲನು. ಗಾಳಿಯ ರೀತಿ ಬದಲಾದಂತೆ ಈ ದಿಕ್ಸೂಚಿಯೂ ಮೊದಲಿನಂತೆ ನೆಚ್ಚಿಕೆಗೆ ಉಳಿದಿಲ್ಲವೆಂದು ಹಿರಿಯರು ಸಾರಿದರು. ಬೇಕರ್ ಲೇಕ್ ಎಂಬ ಊರಿನವರು ಹಿಮ ವಿಪರೀತ ಗಟ್ಟಿಯಾಗಿ ಬಡಿದುಕೊಂಡಿರುವುದರಿಂದ ದಾರಿಯಲ್ಲಿ ತುರ್ತು ಆಶ್ರಯಕ್ಕೆ ಇಗ್ಲು ಕಟ್ಟಲು ಹದವಾದ ಹಿಮ ಸಿಗುವುದು ದುರ್ಲಭವಾಯಿತೆಂದರು. ಮೋಡ, ನಕ್ಷತ್ರ, ಗಾಳಿಗಳನ್ನು ನೋಡಿ ನಾಳಿನ ಹವೆಯನ್ನು ನುಡಿಯುತ್ತಿದ್ದ ಹಿರಿಯರು ಆ ನುಡಿಯನ್ನೇ ಹಿಂತೆಗೆದುಕೊಳ್ಳತೊಡಗಿದರು. ತಮ್ಮ ಮಾತು ನಂಬಿ ಹೊರಟ ಯುವಕನಿಗೆ ಅಪಾಯವಾದೀತೆಂಬ ಅಳುಕು ಅವರದು.

ಜನಪದ ಜ್ಞಾನದ ದೃಷ್ಟಿಯಿಂದ ಅತ್ಯಂತ ಗಂಭೀರವಾದ ಹಾನಿ ಇಲ್ಲಿದೆ. ಮೌಖಿಕ ಪರಂಪರೆಯಲ್ಲಿ ಹಿರಿಯರ ಮಾತಿಗಿರುವ ಅಧಿಕಾರ ವಯಸ್ಸಿನಿಂದ ಮಾತ್ರ ಬಂದುದಲ್ಲ. ಆ ಮಾತು ಮತ್ತೆ ಮತ್ತೆ ನಿಜವಾದುದರಿಂದ ಬಂದುದು. ಹವೆ ಉಗ್ಗಿಯನಾಕ್ತುಕ್ ಆದಾಗ ಮಂಜುಗಡ್ಡೆಯೊಂದಿಗೆ ಈ ಅಧಿಕಾರವೂ ತೆಳುವಾಗುತ್ತದೆ.

೬. ಮೌಖಿಕ ಸಾಕ್ಷ್ಯದ ವಿಶ್ವಾಸಾರ್ಹತೆ

ಹಿರಿಯರ ಇಂತಹ ಹೇಳಿಕೆಗಳನ್ನು ಸಾಕ್ಷ್ಯವೆಂದು ಸ್ವೀಕರಿಸಬಹುದೇ ಎಂಬ ಪ್ರಶ್ನೆ ಸಹಜ. ಇನುಯಿಟ್ ಮೌಖಿಕ ಇತಿಹಾಸದ ಶಕ್ತಿಗೆ ಎರಡು ಪ್ರಸಿದ್ಧ ನಿದರ್ಶನಗಳಿವೆ. ಮಾರ್ಟಿನ್ ಫ್ರೊಬಿಷರ್ ಎಂಬ ಇಂಗ್ಲಿಷ್ ನಾವಿಕನು ೧೫೭೬ರಿಂದ ೧೫೭೮ರ ನಡುವೆ ಮೂರು ಬಾರಿ ಬ್ಯಾಫಿನ್ ದ್ವೀಪಕ್ಕೆ ಬಂದಿದ್ದನು. ಸುಮಾರು ೨೮೫ ವರ್ಷಗಳ ನಂತರ, ೧೮೬೧ರಲ್ಲಿ, ಚಾರ್ಲ್ಸ್ ಫ್ರಾನ್ಸಿಸ್ ಹಾಲ್ ಎಂಬ ಅಮೆರಿಕನ್ ಅನ್ವೇಷಕನಿಗೆ ಇನುಯಿಟ್ ವೃದ್ಧೆಯೊಬ್ಬಳು ಬಿಳಿಯರ ಹಡಗುಗಳು ವರ್ಷವರ್ಷವೂ ಬಂದ ಕಥೆಯನ್ನು ಹೇಳಿದಳು. ಆ ಜಾಡು ಹಿಡಿದು ಹೋದ ಹಾಲ್‌ಗೆ ಫ್ರೊಬಿಷರನ ಕಾಲದ ಅವಶೇಷಗಳು ಸಿಕ್ಕವು. ಎರಡನೆಯದು ೧೮೪೫ರಲ್ಲಿ ಹೊರಟು ಕಣ್ಮರೆಯಾದ ಜಾನ್ ಫ್ರಾಂಕ್ಲಿನ್‌ನ ಹಡಗುಗಳದು. ಅವುಗಳಲ್ಲಿ ಒಂದಾದ ಎರೆಬಸ್ ೨೦೧೪ರಲ್ಲಿ ಪತ್ತೆಯಾದದ್ದು ಇನುಯಿಟ್ ಮೌಖಿಕ ಸಾಕ್ಷ್ಯಗಳು ಬಹುಕಾಲದಿಂದ ಸೂಚಿಸುತ್ತಿದ್ದ ಪ್ರದೇಶದಲ್ಲಿಯೇ. ಇನ್ನೊಂದು ಹಡಗು ಟೆರರ್ ೨೦೧೬ರಲ್ಲಿ ಸಿಕ್ಕದ್ದು ಸ್ಥಳೀಯ ಬೇಟೆಗಾರನೊಬ್ಬನ ಸುಳಿವಿನಿಂದ. ಯೋಹಾ ಹೇವನ್ ಊರಿನ ಲೂಯಿ ಕಮೂಕಾಕ್ ಈ ಸಾಕ್ಷ್ಯಗಳನ್ನು ಜೀವಮಾನವಿಡೀ ಕಲೆಹಾಕಿದ ಇನುಯಿಟ್ ಇತಿಹಾಸಕಾರ, ೨೦೧೮ರಲ್ಲಿ ತೀರಿಕೊಂಡರು.

ಇದಕ್ಕಿಂತ ಜಟಿಲವಾದ ಪ್ರಸಂಗವೂ ಒಂದುಂಟು. ಸೂರ್ಯನು ತನ್ನ ಎಂದಿನ ಜಾಗದಲ್ಲಿ ಮೂಡುತ್ತಿಲ್ಲ, ಮುಳುಗುತ್ತಿಲ್ಲ, ಭೂಮಿಯೇ ವಾಲಿದೆ ಎಂದು ಹಲವು ಊರುಗಳ ಹಿರಿಯರು ಹೇಳತೊಡಗಿದರು. ಇಗ್ಲೂಲಿಕ್‌ನ ಮೌಖಿಕ ಕಥೆಯೊಂದನ್ನು ಆಧರಿಸಿದ ‘ಅತನಾರ್ಜುವಾತ್’ ಚಿತ್ರದಿಂದ ೨೦೦೧ರಲ್ಲಿ ಕಾನ್ ಚಿತ್ರೋತ್ಸವದ ಪ್ರಶಸ್ತಿ ಪಡೆದ ಜಕರಿಯಾಸ್ ಕುನುಕ್, ಇಯಾನ್ ಮೌರೊ ಜೊತೆಗೂಡಿ ೨೦೧೦ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರದಲ್ಲಿ ಈ ಹೇಳಿಕೆಗಳು ದಾಖಲಾಗಿವೆ. ಭೂಮಿಯ ಅಕ್ಷ ಹಾಗೆ ವಾಲಿಲ್ಲವೆಂಬುದು ಖಗೋಳವಿಜ್ಞಾನದ ನಿಲುವು. ಆದರೆ ತಣ್ಣನೆಯ ನೆಲದ ಮೇಲೆ ಬೆಚ್ಚನೆಯ ಗಾಳಿಯ ಪದರ ನಿಂತಾಗ ಬೆಳಕು ಬಾಗಿ, ದಿಗಂತದ ಕೆಳಗಿನ ಸೂರ್ಯನೂ ಮೇಲೆ ಬಂದಂತೆ ಕಾಣುತ್ತಾನೆ. ವಾತಾವರಣ ಬದಲಾದಂತೆ ಈ ವಕ್ರೀಭವನವೂ ಬದಲಾಗಿರಬಹುದೆಂಬ ವಿವರಣೆಯನ್ನು ಮುಂದಿಡಲಾಯಿತು. ಹಿರಿಯರ ಕಾರಣ ಬೇರೆ, ವಿಜ್ಞಾನದ ಕಾರಣ ಬೇರೆ, ಕಂಡದ್ದನ್ನು ಅಲ್ಲಗಳೆಯಬೇಕಾಗಿಲ್ಲ. ನೋಟವನ್ನೂ ಅದರ ವ್ಯಾಖ್ಯಾನವನ್ನೂ ಬೇರ್ಪಡಿಸಿ ಆಲಿಸುವ ವಿವೇಕ ಕ್ಷೇತ್ರಕಾರ್ಯ ಮಾಡುವ ಎಲ್ಲರಿಗೂ ಅಗತ್ಯವೆಂಬುದಕ್ಕೆ ಇದು ಉತ್ತಮ ಪಾಠ.

೭. ಹವಾಮಾನವೊಂದೇ ಕಾರಣವೇ?

ಇನುಯಿಟರ ಸಂಕಷ್ಟವನ್ನೆಲ್ಲ ಹವಾಮಾನದ ಮೇಲೆ ಹೊರಿಸುವುದು ಇತಿಹಾಸಕ್ಕೆ ಅಪಚಾರವೆಸಗಿದಂತೆ. ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಅವರು ಪ್ರಾಣಿಗಳ ಸಂಚಾರವನ್ನು ಅನುಸರಿಸಿ ಬಿಡಾರ ಬದಲಿಸುತ್ತಿದ್ದರು. ಅಂತಹ ಚಲನಶೀಲತೆಯೇ ಹವೆಯ ಏರುಪೇರಿಗೆ ಅವರ ಹಳೆಯ ಉತ್ತರವಾಗಿತ್ತು. ೧೯೫೩ ಮತ್ತು ೧೯೫೫ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್‌ನ ಇನುಕ್ಜುವಾಕ್ ಕಡೆಯ ಕುಟುಂಬಗಳನ್ನು ದೂರದ ಉತ್ತರದ ಗ್ರೈಸ್ ಫಿಯರ್ಡ್ ಮತ್ತು ರೆಸೊಲ್ಯೂಟ್‌ಗಳಿಗೆ ಸ್ಥಳಾಂತರಿಸಿತು. ಇದಕ್ಕಾಗಿ ೨೦೧೦ರಲ್ಲಿ ಕ್ಷಮೆ ಕೋರಿತು. ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ಯಲಾಯಿತು; ಕುಟುಂಬಗಳು ಶಾಶ್ವತ ಊರುಗಳಲ್ಲಿ ನೆಲೆನಿಂತವು. ಆ ದಶಕಗಳಲ್ಲಿ ನಡೆದ ಜಾರುಬಂಡಿ ನಾಯಿಗಳ ಕೊಲೆಗಾಗಿ ಸರ್ಕಾರ ೨೦೧೯ರಲ್ಲಿ ಕ್ಷಮೆ ಕೇಳಿತು.

ನಾಯಿಗಳ ಜಾಗಕ್ಕೆ ಸ್ನೋಮೊಬೈಲ್ ಬಂದಿತು. ಅದು ವೇಗವಾದ ವಾಹನ. ಆದರೆ ತೆಳುವಾದ ಮಂಜುಗಡ್ಡೆಯ ಮುಂದೆ ತಾನಾಗಿ ನಿಲ್ಲುವ, ಹಿಮಗಾಳಿಯಲ್ಲಿ ಮನೆಯ ದಾರಿ ಹಿಡಿಯುವ ಗುಣ ಅದಕ್ಕಿಲ್ಲ. ಮಂಜುಗಡ್ಡೆಯ ಮೇಲೆ ತಂದೆಯ ಜೊತೆಯಲ್ಲಿದ್ದು ಕಲಿಯಬೇಕಾದ ವಯಸ್ಸಿನಲ್ಲಿ ತರಗತಿಯಲ್ಲಿ ಕುಳಿತ ಒಂದು ತಲೆಮಾರಿಗೆ ಪದಗಳು ತಿಳಿದಿದ್ದರೂ ಅವುಗಳ ಹಿಂದಿನ ಅನುಭವ ದೊರೆಯಲಿಲ್ಲ. ಹೀಗೆ ಕಲಿಕೆಯ ಸರಪಳಿ ಸಡಿಲಗೊಂಡಿದ್ದ ಹೊತ್ತಿನಲ್ಲಿಯೇ ಹವೆಯ ಬದಲಾವಣೆಯೂ ಬಂದೆರಗಿತು.

೮. ಪ್ರತಿಸ್ಪಂದನಗಳು

ಇನುಯಿಟರು ಈ ಬದಲಾವಣೆಗೆ ಬರಿಯ ಬಲಿಪಶುಗಳಾಗಿ ಉಳಿಯಲಿಲ್ಲ. ೨೦೦೫ರ ಡಿಸೆಂಬರ್ ೭ರಂದು ಇನುಯಿಟ್ ಪರಿಧ್ರುವ ಪರಿಷತ್ತಿನ ಅಧ್ಯಕ್ಷೆಯಾಗಿದ್ದ ಶೀಲಾ ವಾಟ್-ಕ್ಲೂಟಿಯೇ, ಕೆನಡಾ ಮತ್ತು ಅಲಾಸ್ಕಾದ ೬೨ ಮಂದಿ ಬೇಟೆಗಾರರು ಹಾಗೂ ಹಿರಿಯರೊಡನೆ ಅಮೆರಿಕ ಖಂಡಗಳ ಮಾನವ ಹಕ್ಕುಗಳ ಆಯೋಗಕ್ಕೆ ಅರ್ಜಿ ಸಲ್ಲಿಸಿದರು. ಅಮೆರಿಕ ಸಂಯುಕ್ತ ಸಂಸ್ಥಾನದ ಹೊಗೆಯುಗುಳುವಿಕೆ ತಮ್ಮ ಸಂಸ್ಕೃತಿಯ ಹಕ್ಕನ್ನು ಉಲ್ಲಂಘಿಸುತ್ತಿದೆ ಎಂಬುದು ಅದರ ವಾದ. ಹಿರಿಯರು ಕಂಡುಂಡ ಮಾತುಗಳೇ ಅದರಲ್ಲಿ ಸಾಕ್ಷ್ಯವಾದವು. ಆಯೋಗ ೨೦೦೬ರಲ್ಲಿ ಅರ್ಜಿಯನ್ನು ಮುಂದುವರಿಸಲು ನಿರಾಕರಿಸಿತಾದರೂ ೨೦೦೭ರ ಮಾರ್ಚ್‌ನಲ್ಲಿ ವಿಷಯದ ಬಗೆಗೆ ವಿಚಾರಣಾ ಸಭೆ ನಡೆಸಿತು. ಹವಾಮಾನ ಬದಲಾವಣೆಯನ್ನು ಮಾನವ ಹಕ್ಕುಗಳ ಪ್ರಶ್ನೆಯಾಗಿ ಮಂಡಿಸಿದ ಆರಂಭದ ಪ್ರಯತ್ನಗಳಲ್ಲಿ ಇದು ಪ್ರಮುಖವಾದುದು. ವಾಟ್-ಕ್ಲೂಟಿಯೇ ಅವರ ೨೦೧೫ರ ಆತ್ಮಕಥನದ ಹೆಸರೇ ತಣ್ಣಗಿರುವ ಹಕ್ಕನ್ನು ಕುರಿತದ್ದು. ೨೦೧೯ರಲ್ಲಿ ಕೆನಡಾದ ಇನುಯಿಟರ ರಾಷ್ಟ್ರೀಯ ಸಂಸ್ಥೆ ತನ್ನದೇ ಹವಾಮಾನ ಕಾರ್ಯತಂತ್ರವನ್ನು ಪ್ರಕಟಿಸಿತು.

ಊರಿನ ಮಟ್ಟದ ಪ್ರಯತ್ನಗಳು ಜಾನಪದದ ದೃಷ್ಟಿಯಿಂದ ಇನ್ನೂ ಸ್ವಾರಸ್ಯಕರ. ಕ್ಲೈಡ್ ರಿವರ್ ಊರಿನಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ಬೇಟೆಗಾರರು ಬೇಕೆಂದ ಜಾಗಗಳಲ್ಲಿ ಸ್ಥಾಪಿಸಲಾಯಿತು. ವಿಮಾನ ನಿಲ್ದಾಣದ ಗಾಳಿಯ ಅಳತೆ ಕಡಲ ಮೇಲೆ ಹೋಗುವವನಿಗೆ ಪ್ರಯೋಜನಕ್ಕೆ ಬಾರದೆಂಬುದು ಅವರ ಅನುಭವ. ಲ್ಯಾಬ್ರಡಾರ್ ತೀರದ ನೈನ್ ಊರಿನಲ್ಲಿ ಆರಂಭವಾದ ‘ಸ್ಮಾರ್ಟ್‌ಐಸ್’ ಎಂಬ ಯೋಜನೆ ಮಂಜುಗಡ್ಡೆಯೊಳಗೆ ನೆಟ್ಟ ಮಾಪಕಗಳಿಂದಲೂ, ‘ಕಾಮುತಿಕ್’ ಎಂಬ ಸಾಂಪ್ರದಾಯಿಕ ಜಾರುಬಂಡಿಗೆ ಕಟ್ಟಿದ ಉಪಕರಣದಿಂದಲೂ ಮಂಜುಗಡ್ಡೆಯ ದಪ್ಪವನ್ನು ಅಳೆದು ಊರಿಗೆ ತಿಳಿಸುತ್ತದೆ. ೨೦೧೭ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿ ದೊರೆಯಿತು. ಪಾಂಡ್ ಇನ್ಲೆಟ್ ಊರಿನಲ್ಲಿ ‘ಸಿಕುಮಿಯುತ್’, ಅಂದರೆ ‘ಮಂಜುಗಡ್ಡೆಯ ಜನ’, ಎಂಬ ಹೆಸರಿನ ಸ್ಥಳೀಯ ಸಮಿತಿ ಈ ಕೆಲಸಕ್ಕೆ ಮಾರ್ಗದರ್ಶನ ನೀಡುತ್ತ, ಮಂಜುಗಡ್ಡೆಯ ಪದಗಳನ್ನು ಯುವಜನರಿಗಾಗಿ ಕಿರುಹೊತ್ತಗೆಯಲ್ಲಿ ಕ್ರೋಡೀಕರಿಸಿತು. ಹಡ್ಸನ್ ಕೊಲ್ಲಿಯ ಸನಿಕಿಲುವಾಕ್ ಊರಿನ ಸಂಸ್ಥೆಯೊಂದು ೨೦೧೯ರಲ್ಲಿ ‘ಸಿಕು’ ಎಂಬ ಮೊಬೈಲ್ ಆ್ಯಪನ್ನು ಹೊರತಂದಿತು. ಬೇಟೆಗಾರರು ಅಪಾಯದ ಜಾಗಗಳನ್ನು ತಮ್ಮ ಭಾಷೆಯ ಪದಗಳಲ್ಲಿಯೇ ಅದರಲ್ಲಿ ದಾಖಲಿಸುತ್ತಾರೆ. ಆ ಮಾಹಿತಿಯ ಒಡೆತನವೂ ಅವರದೇ. ೨೦೧೯ರಲ್ಲಿಯೇ ಒಪ್ಪಂದವಾದ ‘ತಲ್ಲುರುತಿಯುಪ್ ಇಮಂಗಾ’ ಕಡಲ ಸಂರಕ್ಷಣಾ ಪ್ರದೇಶದ ವಿಸ್ತೀರ್ಣ ಸುಮಾರು ೧,೦೮,೦೦೦ ಚದರ ಕಿಲೋಮೀಟರ್. ಅದರ ಕಾವಲಿಗೆ ಇನುಯಿಟರೇ ನೇಮಕಗೊಂಡಿದ್ದಾರೆ. ಕಡಲನ್ನು ಗಮನಿಸುವುದು, ಹಿರಿಯರಿಗೆ ಬೇಟೆಯ ಆಹಾರ ತಲುಪಿಸುವುದು, ಕಿರಿಯರಿಗೆ ಕಲಿಸುವುದು ಒಂದೇ ಉದ್ಯೋಗದ ಅಂಗಗಳಾಗಿವೆ.

೯. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಹವಾಮಾನ ಬದಲಾವಣೆ ಆರ್ಕ್ಟಿಕ್‌ನಲ್ಲಿ ಭೌತಿಕ ಸಂಗತಿಯಾಗಿರುವಂತೆಯೇ ಭಾಷೆ, ನಂಬಿಕೆ, ಹಿರಿಯರ ಅಧಿಕಾರ, ಕಲಿಕೆಯ ಕ್ರಮಗಳನ್ನು ತಟ್ಟುವ ಸಾಂಸ್ಕೃತಿಕ ಸಂಗತಿಯೂ ಹೌದು. ಜನಪದ ಜ್ಞಾನ ಹಳತಾಗಿ ಬಿದ್ದುಹೋಗಿಲ್ಲ. ಮುನ್ಸೂಚನೆಯಾಗಿ ಅದರ ಬಲ ಕುಗ್ಗಿರಬಹುದು. ಆದರೆ ಬದಲಾವಣೆ ಎಲ್ಲಿ, ಎಷ್ಟು, ಹೇಗೆ ಆಗಿದೆಯೆಂದು ಅಳೆಯುವ ಮಾನದಂಡವಾಗಿ ಅದರ ಬೆಲೆ ಹೆಚ್ಚಿದೆ. ‘ಎಂದಿನಂತಿಲ್ಲ’ ಎಂದು ಹೇಳಬೇಕಾದರೆ ‘ಎಂದಿನದು’ ಹೇಗಿತ್ತೆಂಬುದನ್ನು ಬಲ್ಲವರು ಬೇಕಷ್ಟೆ.

ಭಾರತವೂ ೨೦೦೮ರಿಂದ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ‘ಹಿಮಾದ್ರಿ’ ಎಂಬ ಸಂಶೋಧನಾ ಕೇಂದ್ರವನ್ನು ಹೊಂದಿದೆ. ೨೦೧೩ರಿಂದ ಆರ್ಕ್ಟಿಕ್ ಪರಿಷತ್ತಿನ ವೀಕ್ಷಕ ರಾಷ್ಟ್ರವಾಗಿದೆ. ಆ ಅಧ್ಯಯನಗಳಲ್ಲಿ ಹಿಮನದಿ, ಕಡಲು, ವಾತಾವರಣಗಳಿಗೆ ದೊರೆತ ಸ್ಥಾನ ಅಲ್ಲಿನ ಜನರ ಅರಿವಿಗೂ ದೊರೆಯಬೇಕಾದುದು ನ್ಯಾಯ. ಜಾನಪದ ವಿದ್ವಾಂಸರಿಗಂತೂ ಇನುಯಿಟರ ಅನುಭವ ಒಂದು ಎಚ್ಚರಿಕೆಯ ಮಾತನ್ನು ಹೇಳುತ್ತದೆ. ಔಕ್ಕಾನಿಕ್ ಎಂಬ ಪದವನ್ನು ಕೋಶಕ್ಕೆ ಸೇರಿಸುವುದು ಅಗತ್ಯವಾದ ಕೆಲಸ. ಆದರೆ ಈಟಿ ಹಿಡಿದು, ಮಂಜುಗಡ್ಡೆಯನ್ನು ಕುಟ್ಟಿ, ಇದೇ ಔಕ್ಕಾನಿಕ್ ಎಂದು ಕಿರಿಯನಿಗೆ ತೋರಿಸಿಕೊಡುವ ಹಿರಿಯನೂ, ತೋರಿಸಲು ಮಂಜುಗಡ್ಡೆಯೂ ಇದ್ದಾಗಲಷ್ಟೇ ಆ ಪದ ಜ್ಞಾನವಾಗಿ ಉಳಿಯುತ್ತದೆ. ಸಂಗ್ರಹ, ಕಲಿಕೆ ಮತ್ತು ಪರಿಸರ ಇವು ಮೂರೂ ಒಟ್ಟಿಗೆ ಉಳಿಯಬೇಕೆಂಬ ಈ ತಿಳಿವು ಆರ್ಕ್ಟಿಕ್‌ಗೆ ಹೇಗೋ ಹಾಗೆ ಜನಪದ ಜ್ಞಾನ ಬದುಕಿರುವ ಎಲ್ಲ ನೆಲಗಳಿಗೂ ಅನ್ವಯಿಸುತ್ತದೆ.